ಉತ್ತರ ಬರದ ಗೋದಾಮು

ಉತ್ತರ ಕೊಡದ ಗೋದಾಮಿನಲ್ಲಿ ಬೀಜವೇ ಇಲ್ಲ ಎಂದು ನಮ್ಮ ಸಾಹೇಬರು ಕಂಪ್ಯೂಟರಿಗೆ ನಿಯಮ ಹಾಕಿಸಿದರು. ಅದು ತಪ್ಪು. ಬೇಡ ಎಂದೆ, ಕೇಳಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಬೀಜದ ಗೋದಾಮುಗಳ ಕಂಪ್ಯೂಟರುಗಳನ್ನು ಫೋನಿನ ತಂತಿಯಲ್ಲಿ ಜೋಡಿಸಿದ್ದೆವು. ಒಂದೇ ಯಂತ್ರ ಇದ್ದಾಗ ಒಂದೇ ಥರ ಕೆಡುತ್ತಿತ್ತು. ನಾಲ್ಕಾದ ಮೇಲೆ ನಗೆಪಾಟಲು ದಿನಾ ನಡೆಯಿತು.

ಇಂಡಿಯ ಚಹಾ

ಕಂಪ್ಯೂಟರಿಗೆ ನಿಯಮ ಬರೆಯುವ ಭಾಷೆಯನ್ನು ನಾನು ಯಾರ ಹಂಗಿಲ್ಲದೆ ಪುಸ್ತಕ ಓದಿ ಕಲಿತಿದ್ದೆ. ಅದರಲ್ಲಿ ಏನು ಬೇಕು ಎಂದಷ್ಟೇ ಬರೆಯಬೇಕು. ಹೇಗೆ ಹುಡುಕಬೇಕು ಎಂಬುದು ಯಂತ್ರದ ಪಾಡು. 'ಬೀಜ ಇರುವ, ರೈತನಿಗೆ ಹತ್ತಿರವಾದ ಗೋದಾಮು' ಎಂದು ಬರೆದಿದ್ದೆ. ಇಂಡಿ ಗೋದಾಮಿನಲ್ಲಿ ಅದನ್ನು ನೋಡಿ ಸಾಹೇಬರು ಸಿಟ್ಟಾದರು.

“ಮೊದಲ ಇಂಡಿ ನೋಡು, ಆಮ್ಯಾಲ ಸಿಂದಗಿ ನೋಡು ಅಂತ ಎಲ್ಲಿ ಬರದಿ?”

“ಬರ್ಯೂದು ಬ್ಯಾಡ್ರಿ. ನೀವು ಮನ್ಯಾಗ ಚಹಾ ಬೇಕು ಅಂತೀರಿ. ಒಲಿ ಹಚ್ಚು, ನೀರಿಡು ಅಂತ ಹೇಳ್ತೀರೇನ್ರಿ?”

“ಹೇಳ್ತೇನಲ್ಲ!”

ಮೂಲೆಯಲ್ಲಿದ್ದ ಜವಾನ ಮೆಲ್ಲಗೆ ಅಂದ, “ಅದಕ್ಕ ಸಾಹೇಬ್ರು ಚಹಾ ಇಲ್ಲೇ ಕುಡೀತಾರ.”

ಸಿಂದಗಿಯ ಹೊದಿಕೆ

ಅಲ್ಲಿಯ ಗುಮಾಸ್ತ ಧೂಳಿಗೆ ಹೆದರಿ ಕಂಪ್ಯೂಟರ್ ಬಂದ್ ಮಾಡಿ ಹೊದಿಕೆ ಹಾಕಿಬಿಡುತ್ತಿದ್ದ. ಉತ್ತರ ಇಲ್ಲ, ಅಂದರೆ ಸಾಹೇಬರ ನಿಯಮದಂತೆ ಬೀಜವೂ ಇಲ್ಲ. ಫೋನ್ ಮಾಡಿ ಬೈದೆ.

“ಅಲ್ರಿ, ಚೀಲ ಮಾಳಿಗಿ ಮುಟ್ಟ್ಯಾವ, ರೈತರು ಬರವಲ್ರು. ಆದ್ರ ಮಶೀನ್ ಏನ್ ಛಲೋ ಐತ್ರಿ, ಒಂದ್ ಕಣ ಧೂಳಿಲ್ಲ!”

ಬೀಗರ ಉಪಚಾರ

ಮುದ್ದೇಬಿಹಾಳ, ಬಾಗೇವಾಡಿ ಗೋದಾಮಿನ ಮ್ಯಾನೇಜರರು ಬೀಗರು. ಊಟಕ್ಕೆ ಕೂತರೆ ಒಬ್ಬರು ತುತ್ತು ಎತ್ತುವವರೆಗೆ ಇನ್ನೊಬ್ಬರು ಎತ್ತುವುದಿಲ್ಲ. ನಿಯಮದಲ್ಲೂ ಅದೇ ಮರ್ಯಾದೆ: 'ಬೀಗರ ಗೋದಾಮು ಒಪ್ಪಿದರೆ ನಮ್ಮ ಬೀಜ ಕೊಡು' ಎಂದು ಇಬ್ಬರೂ ನನಗೆ ತಿಳಿಸದೆ ಸೇರಿಸಿದ್ದರು. ಎರಡೂ ಯಂತ್ರಗಳು ಉತ್ತರ ಕೊಡದೆ ಒಂದರ ಮುಖ ಒಂದು ನೋಡುತ್ತ ಕೂತವು.

“ನೀವರೇ ಮೊದಲ ಒಪ್ರಿ,” ಎಂದು ಮುದ್ದೇಬಿಹಾಳದವರನ್ನು ಬೇಡಿಕೊಂಡೆ.

“ಛೇ, ಹೆಣ್ಣು ಕೊಟ್ಟಾವ್ರು ನಾವು. ಮುಂದ ಹ್ವಾದ್ರ ಚಂದ ಕಾಣತೈತೇನು?”

ಇಲ್ಲದ ಚೀಲ

ನಾನು ಬಾಗೇವಾಡಿ ಗೋದಾಮಿನಲ್ಲಿದ್ದ ದಿನ ಮಸೂತಿ ಎಂಬ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಜೋಳದ ಬೀಜಕ್ಕೆ ಬಂದಳು. ಹೊಲದ ಹಸಿ ಆರುತ್ತಿತ್ತು. ಅವತ್ತು ಬೀಜ ಸಿಗದಿದ್ದರೆ ಆ ವರ್ಷ ಬಿತ್ತಿಗೆಯೇ ಇಲ್ಲ. ಇಂಡಿಯಲ್ಲಿ ಬೀಜ ನಿಜವಾಗಿಯೂ ಮುಗಿದಿತ್ತು. ಸಿಂದಗಿ ಹೊದಿಕೆಯೊಳಗೆ, ಬೀಗರಿಬ್ಬರೂ ಉಪಚಾರದಲ್ಲಿ.

“ನಾಕೂ ಊರಾಗ ಬೀಜಿಲ್ಲ ಅಂತೈತಿ ಯವ್ವಾ,” ಎಂದ ಕೌಂಟರಿನ ಗುಮಾಸ್ತ.

ಅವಳು ಸೀದಾ ಒಳಗೆ ಹೋಗಿ ಜೋಳದ ಚೀಲದ ಮೇಲೆ ಕೂತಳು. “ಹಂಗಾರ ನಾ ಯಾವುದರ ಮ್ಯಾಲ ಕುಂತೇನೋ ತಮ್ಮಾ?”

ಗುಮಾಸ್ತ ಪರದೆ ನೋಡಿದ. “ಇದರ ಪ್ರಕಾರ ನೀವು ನೆಲದ ಮ್ಯಾಲ ಕುಂತೀರಿ.”

“ಹೌದಾ? ಹಂಗಾರ ಈ ಇಲ್ಲದ ಚೀಲ ನಾ ಒಯ್ದ್ರ ನಿಮಗೇನೂ ಕಡಿಮಿ ಬೀಳಂಗಿಲ್ಲ ಬಿಡು!”

ರೊಕ್ಕ ಮೇಜಿನ ಮೇಲಿಟ್ಟು ಚೀಲಕ್ಕೆ ಕೈ ಹಾಕಿದಳು. ಎತ್ತಿಕೊಡಲು ಇನ್ನೊಂದು ತುದಿ ನಾನು ಹಿಡಿದೆ.

ಓದುವವರೇ, ಕಂಪ್ಯೂಟರ್ ಇಲ್ಲ ಅನ್ನುತ್ತದೆ ಎಂದು ಯಾರಾದರೂ ಹೇಳಿದರೆ ತಿರುಗಿ ಮನೆಗೆ ಹೋಗಬೇಡಿ. ಹಾಗೆ ಹೇಳಲು ಅದಕ್ಕೆ ಕಲಿಸಿದವನನ್ನು ಹೊರಗೆ ಕರೆಯಿರಿ. ಗೋದಾಮಿನ ಬಾಗಿಲು ತೆಗೆಸಿ, ಒಳಗೆ ಹೋಗಿ ನಿಮ್ಮ ಕಣ್ಣಿಂದ ನೋಡಿ.