ಅಕ್ಕನ ಕಿಟಕಿಗೆ ದಾರಿ

ಬೆಳಿಗ್ಗೆ ಎಂಟಕ್ಕೆ ದುಂಡಣ್ಣ ಕಿಟಕಿ ತೆರೆದಾಗ ಕೆಳಗೆ ಫುಟ್‌ಪಾತಿನ ಮೇಲೆ ಒಬ್ಬ ಸ್ಟೂಲು ಹಾಕಿಕೊಂಡು ಕುಳಿತಿದ್ದ. ಕಣ್ಣೆಲ್ಲ ರಸ್ತೆ ನಡುವಿನ ಕಬ್ಬಿಣದ ಬೇಲಿಯ ಮೇಲೆ. ಯಾರಾದರೂ ಬೇಲಿಯ ಸಂದಿನಲ್ಲಿ ನುಸುಳಿದರೆ ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಟಿಕ್ ಎಂದು ಒತ್ತುತ್ತಿದ್ದ.

ಕನ್ನಡಕದಂಗಡಿಯ ಗುಮಾಸ್ತ ದುಂಡಣ್ಣನಿಗೆ ಅಂದು ರಜೆ. ಅವನ ಕುತೂಹಲಕ್ಕೆ ಮಾತ್ರ ರಜೆಯೆಂಬುದೇ ಇಲ್ಲ. ಅಲ್ಲದೆ ಆ ಬೇಲಿಯ ಮೇಲೆ ಅವನಿಗೆ ಹಳೆಯ ಸಿಟ್ಟು. ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ ಅವನ ಅಕ್ಕ ಇದ್ದಳು. ಕಿಟಕಿಗೆ ಕಿಟಕಿ ಎದುರು. ಅವಳು ಒಲೆ ಹಚ್ಚುವುದೂ ಇವನಿಗೆ ಕಾಣುತ್ತಿತ್ತು. ಆದರೆ ಬೇಲಿ ಬಂದ ಮೇಲೆ ಅಲ್ಲಿಗೆ ಹೋಗಲು ದೂರದ ಸಿಗ್ನಲ್ ಸುತ್ತಿ ಇಪ್ಪತ್ತೈದು ನಿಮಿಷ ನಡೆಯಬೇಕು. ಜನ ಎರಡು ಸರಳು ಬಗ್ಗಿಸಿ ಸಂದು ಮಾಡಿಕೊಂಡಿದ್ದರು, ನಿಜ. ಆ ಸಂದು ದುಂಡಣ್ಣನ ಹೊಟ್ಟೆಗೆ ಸಾಲದು, ಆ ಸುತ್ತು ಅಕ್ಕನ ಮಂಡಿನೋವಿಗೆ ಆಗದು. ಇಬ್ಬರೂ ಒಟ್ಟಿಗೆ ಕೂತು ಉಂಡು ನಾಲ್ಕು ತಿಂಗಳಾಗಿತ್ತು.

ತಡೆಯಲಾಗದೆ ಕೆಳಗಿಳಿದ.

“ಏನ್ ಎಣಿಸ್ತಿದೀರಿ ಸಾರ್?”

“ದಾಟೋರನ್ನ. ಇಲ್ಲಿ ದಾರಿ ಬೇಕಾ ಬೇಡ್ವಾ ಅಂತ ನೋಡೋಕೆ.”

“ಎಷ್ಟು ಜನ ದಾಟಿದ್ರೆ ದಾರಿ?”

“ಅದನ್ನ ಸಂಜೆ ಆರರವರೆಗೆ ಹೇಳೋ ಹಾಗಿಲ್ಲ. ಹೇಳಿದ್ರೆ ಜನ ನಡೆಯೋ ರೀತೀನೇ ಬದಲಾಯಿಸಿಬಿಡ್ತಾರೆ.”

ಮಧ್ಯಾಹ್ನದವರೆಗೆ ದುಂಡಣ್ಣ ಕಿಟಕಿ ಬಿಟ್ಟು ಕದಲಲಿಲ್ಲ. ದಾಟುವವರು ಯಾಕೋ ಕಡಿಮೆ ಎನಿಸಿತು. ಕೆಳಮನೆಯ ನಿವೃತ್ತ ಡ್ರಿಲ್ ಮೇಷ್ಟ್ರ ಹತ್ತಿರ ಹೇಳಿಕೊಂಡ. ಅದೇ ತಪ್ಪಾಯಿತು.

“ಎಣಿಕೆ ಕಮ್ಮಿಯಾದ್ರೆ ದಾರಿ ಹೋಯ್ತು ಅಂತ ತಿಳ್ಕೋ,” ಎಂದ ಮೇಷ್ಟ್ರು ಪೆಟ್ಟಿಗೆಯಿಂದ ಹಳೆಯ ಸೀಟಿ ತೆಗೆದರು.

ಅರ್ಧ ಗಂಟೆಯಲ್ಲಿ ಕಟ್ಟಡದ ನಲವತ್ತು ಜನ ಸೀಟಿಯ ತಾಳಕ್ಕೆ ಸಂದು ನುಸುಳತೊಡಗಿದರು. ಹೋದರು, ಬಂದರು, ಮತ್ತೆ ಹೋದರು. ಮಾನ ಉಳಿಯಲೆಂದು ಕೆಲವರು ಟೋಪಿ ಬದಲಾಯಿಸಿದರು. ಮೇಲ್ಮನೆಯಾಕೆ ಗಂಡನ ಕೋಟು ತೊಟ್ಟು ಬಂದಳು. ಎಣಿಸುವವನು ಮುಖ ನೋಡಲೇ ಇಲ್ಲ. “ಯಾರು ಅಂತ ನೋಡೋದು ನನ್ನ ಕೆಲಸ ಅಲ್ಲ,” ಎಂದು ಒತ್ತುತ್ತಲೇ ಇದ್ದ.

“ನೀನೇ ನಿಂತು ನೋಡ್ತಿದ್ರೆ ಹೇಗಯ್ಯಾ?” ಎಂದು ಮೇಷ್ಟ್ರು ದುಂಡಣ್ಣನನ್ನೂ ಸಂದಿಗೆ ತಳ್ಳಿದರು. ಅವನು ಅರ್ಧ ದಾಟಿ ಸಿಕ್ಕಿಕೊಂಡ. ಆ ಕಡೆಯವರು ಎಳೆದರು, ಈ ಕಡೆಯವರು ನೂಕಿದರು. ಅಂಗಿಯ ಮೂರು ಗುಂಡಿ ರಸ್ತೆಪಾಲಾದವು.

“ಸಾರ್, ನಾನು ಲೆಕ್ಕಕ್ಕೆ ಬಂದ್ನಾ?” ಎಂದು ಅಲ್ಲಿಂದಲೇ ಕೂಗಿದ.

“ಪೂರ್ತಿ ಬನ್ನಿ, ಒತ್ತುತ್ತೀನಿ.”

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅಕ್ಕ. “ಎಲ್ಲಾ ನೋಡ್ತಿದೀನಿ ಕಣೋ. ಉಸಿರು ಬಿಟ್ಟು ಹೊಟ್ಟೆ ಒಳಗೆಳ್ಕೋ.” ಅಕ್ಕನ ಮಾತು ಕೇಳಿದ, ಹಿಂದಕ್ಕೆ ಜಾರಿ ಈಚೆಗೇ ಬಂದ.

ಆರಕ್ಕೆ ಎಣಿಸುವವನು ಸ್ಟೂಲು ಮಡಚಿದ. “ಸಾವಿರದ ನಾಲ್ಕು.” ಜನ ಚಪ್ಪಾಳೆ ತಟ್ಟಿದರು.

“ಈಗಲಾದ್ರೂ ಹೇಳಿ ಸಾರ್. ಬೇಲಿ ಬಿಡಿಸಿ ಬಿಳಿ ಪಟ್ಟೆ ಹಾಕ್ತಾರೆ ತಾನೇ?”

“ಅದು ಮುನ್ನೂರರಿಂದ ಸಾವಿರದವರೆಗೆ. ಮಧ್ಯಾಹ್ನಕ್ಕೇ ನಾನೂರಾಗಿತ್ತು. ಸಾವಿರ ದಾಟಿದ್ರೆ ಜನ ರಸ್ತೆಗೇ ಇಳೀಬಾರದು ಅಂತ ಮೇಲ್ಸೇತುವೆ. ಹತ್ತೋಕೆ ಐವತ್ತೆರಡು ಮೆಟ್ಟಿಲು, ಇಳಿಯೋಕೆ ಐವತ್ತೆರಡು. ಸಂದು ನಾಳೆನೇ ಮುಚ್ತಾರೆ.”

ದುಂಡಣ್ಣನಿಗೆ ಅಕ್ಕನ ಮಂಡಿ ನೆನಪಾಯಿತು. “ಮೆಟ್ಟಿಲು ಎಲ್ಲಿ ಬರುತ್ತೆ?”

ಎಣಿಸುವವನು ಬೆರಳು ತೋರಿಸಿದ. ಒಂದು ಇವನ ಕಿಟಕಿಯ ಮುಂದೆ, ಇನ್ನೊಂದು ಅಕ್ಕನ ಕಿಟಕಿಯ ಮುಂದೆ. “ಭಯ ಬೇಡ ಸಾರ್. ಮನೆಯೊಳಗೆ ಯಾರೂ ಇಣುಕದ ಹಾಗೆ ಎತ್ತರಕ್ಕೆ ತಗಡು ಹೊಡೀತಾರೆ.”

ಎದುರು ಕಿಟಕಿಯಲ್ಲಿ ಅಕ್ಕ ಕೈ ಬೀಸುತ್ತಿದ್ದಳು. ದುಂಡಣ್ಣನೂ ಬೀಸಿದ. ಕೈ ಇಳಿಸಲು ಮನಸ್ಸು ಬರಲಿಲ್ಲ. ಮತ್ತೆ ಫೋನು.

“ಸಾವಿರ ದಾಟ್ತೇನೋ?”

“ದಾಟ್ತು ಅಕ್ಕಾ.”

“ಮತ್ತೆ, ಸುಮ್ನೇನಾ? ಸಾವಿರಕ್ಕೆ ಐದು ಜನ ಕಮ್ಮಿ ಅಂತ ಮೇಷ್ಟ್ರು ಯಂತ್ರ ಇಣುಕಿ ನೋಡಿ ಫೋನ್ ಮಾಡಿದ್ರು. ಕೊನೇ ಗಳಿಗೇಲಿ ನಮ್ಮ ಕಟ್ಟಡದ ಒಂಬತ್ತು ಜನಾನ ಓಡಿಸಿದ್ದು ನಾನೇ ಕಣೋ.”