ತಡಸದ ಹಗಲು ಪತಂಗ

ದೀಪಕ್ಕೆ ಮುತ್ತಬೇಕಾದ ಪತಂಗ ಹಾಡುಹಗಲೇ ತಿರುಗಾಡಲು ಹೊರಟರೆ ಯಾರಿಗೋ ಒಬ್ಬರಿಗೆ ಗ್ರಹಚಾರ ಕಾದಿದೆ ಅಂತಲೇ ತಿಳಿಯಬೇಕು. ೧೯೩೮ರ ಒಂದು ಅಮಾವಾಸ್ಯೆಯಂದು ಅದು ಕಾದದ್ದು ತಡಸದ ಸಾಲಿ ಮಾಸ್ತರ ಹೊಳಬಸಪ್ಪನಿಗೆ.

ಸಾಲಿ ತಪಾಸಣೆಯ ಸಾಹೇಬರಿಗೆ ಹುಳದ ಹುಚ್ಚು. ಪಾತರಗಿತ್ತಿಯ ಹಾಗೆ ಬಿಸಿಲಲ್ಲಿ ಹಾರುವ ಕರಿ-ಕೆಂಪು ಪತಂಗವೊಂದು ತಡಸದ ಕಡೆ ಇದೆಯಂತೆ, ಅದರ ಬಗ್ಗೆ ಯಾರೂ ನೆಟ್ಟಗೆ ಬರೆದಿಲ್ಲವಂತೆ. ಸಂಜೆ ನಾಲ್ಕಕ್ಕೆ ಬರುತ್ತೇನೆ, ಒಂದು ಹಿಡಿದಿಡಿ ಎಂದು ಶಿಗ್ಗಾಂವದಿಂದ ಚೀಟಿ ಕಳಿಸಿದ್ದರು.

ಹೊಳಬಸಪ್ಪನಿಗೆ ಬೇಕಾದದ್ದು ಯಲವಿಗಿಗೆ ವರ್ಗ. ಹೆಂಡತಿ ಸುಶೀಲವ್ವ ಮಗಳೊಂದಿಗೆ ಅಲ್ಲೇ ತವರಿನಲ್ಲಿದ್ದಳು. ಹೋದ ಸಲ ಹೋದಾಗ ಎರಡು ವರ್ಷದ ಕೂಸು, "ಇಂವ ಯಾರಬೇ?" ಎಂದು ಅವ್ವನನ್ನು ಕೇಳಿತ್ತು. ಅದು ನೆನಪಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಮೂರು ಅರ್ಜಿಗೆ ಕರಗದ ಸಾಹೇಬರು ಒಂದು ಹುಳಕ್ಕಾದರೂ ಕರಗಿಯಾರು ಎಂದು, ಉಪ್ಪಿನಕಾಯಿಯ ಗಾಜಿನ ಭರಣಿ ತೊಳೆದುಕೊಂಡು ಹೊರಟ.

ಹುಳ ಬೇಲಿಯ ಮೇಲೇ ಸಿಕ್ಕಿತು. ಇವನು ಹೆಗಲ ಮೇಲಿನ ವಲ್ಲಿ ಬೀಸಿದ, ಅದು ಹಾರಿ ಹೋಗಿ ಕಟ್ಟೆಯ ಮೇಲೆ ತೂಕಡಿಸುತ್ತಿದ್ದ ಚನ್ನವೀರಪ್ಪ ಗೌಡರ ರುಮಾಲಿನ ಮೇಲೆ ಕೂತಿತು. ಮಾಸ್ತರ ಕಣ್ಣುಮುಚ್ಚಿ ಇನ್ನೊಮ್ಮೆ ಬೀಸಿದ. ರುಮಾಲು ಗಟಾರಕ್ಕೆ ಬಿತ್ತು, ಹುಳ ಬೀಳಲಿಲ್ಲ. ಗೌಡರು ಬೈಯುತ್ತ ಬೆನ್ನು ಹತ್ತಿದರು. ಏನು, ಯಾಕೆ ಎಂದು ಕೇಳದೆ ಓಣಿಯವರೂ ಹತ್ತಿದರು. ಆ ಕಡೆ ಹೊಡಿ, ಈ ಕಡೆ ಹಿಡಿ ಎಂದು ಹತ್ತು ಮಂದಿ ಹತ್ತು ಥರ ಬುದ್ಧಿ ಹೇಳಿದರು.

ಹುಳ ಕೊನೆಗೆ ಮುದಕವ್ವನ ಪಡಸಾಲೆಗೆ ನುಗ್ಗಿ, ಸತ್ತ ಗಂಡನ ಹೆಸರಲ್ಲಿ ಆಕೆ ಇಟ್ಟಿದ್ದ ಎಡೆಯ ಮೇಲೆ ಕೂತಿತು.

"ಕೈ ಹಚ್ಚಬ್ಯಾಡ್ರಿ ಮಾಸ್ತರ," ಅಂದಳು ಮುದಕವ್ವ. "ನಮ್ಮ ಮನಿಯವರು ಬಂದಾರ. ಇದ್ದಾಗೂ ಹಗಲೊತ್ತು ಹಿಂಗ ಊರು ತಿರುಗತಿದ್ರು."

ಊರು ಹೌದೆಂದು ತಲೆಯಾಡಿಸಿತು. ಸಿಟ್ಟಿನಲ್ಲಿದ್ದ ಗೌಡರು ಕೂಡ ಹುಳಕ್ಕೆ ಕೈ ಮುಗಿದರು. ಹೊಳಬಸಪ್ಪ ಅಂಗಲಾಚಿದ, ಮಗಳ ಮಾತು ಹೇಳಿ ಕಣ್ಣೀರು ತಂದ, ಸಾಹೇಬರು ಇವರನ್ನು ಮೋಟಾರಿನಲ್ಲಿ ಧಾರವಾಡಕ್ಕೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ ಎಂದ. ಸೂಜಿ ಚುಚ್ಚುವ ಸುದ್ದಿ ಮಾತ್ರ ಎತ್ತಲಿಲ್ಲ.

ಮುದಕವ್ವ ಹುಳವನ್ನು ಒಂದು ಗಳಿಗೆ ನೋಡಿದಳು. "ಧಾರವಾಡ ತೋರಸ್ತೇನಿ ಅನ್ನಕೋತ ತಾವೂ ನೋಡದ ಹ್ವಾದ್ರು. ಒಯ್ರಿ." ದಾರಿಗೆ ಇರಲಿ ಎಂದು ಭರಣಿಯೊಳಗೆ ಒಂದು ಚೂರು ಬೆಲ್ಲವನ್ನೂ ಹಾಕಿದಳು.

ನಾಲ್ಕಕ್ಕೆ ಸರಿಯಾಗಿ ಸಾಹೇಬರು ಬಂದರು. ಭರಣಿ ನೋಡಿದ್ದೇ ಹೊಳಬಸಪ್ಪನನ್ನು ತಬ್ಬಿಕೊಂಡುಬಿಟ್ಟರು. ಮಾಸ್ತರನ ಎದೆಯಲ್ಲಿ ಯಲವಿಗಿಯ ರೈಲು ಹೊರಟೇ ಬಿಟ್ಟಿತು.

"ಎಂಥಾ ತಪ್ಪು ಮಾಡ್ತಿದ್ದೆ ನೋಡ್ರಿ," ಎಂದು ಸಾಹೇಬರು ಕಿಸೆಯಿಂದ ಒಂದು ಕಾಗದ ತೆಗೆದರು. "ಪಾಪ, ಸಂಸಾರಸ್ಥ ಅಂತ ನಿಮ್ಮನ್ನ ಯಲವಿಗಿಗೆ ಹಾಕಿ, ಸಹಿ ಮಾಡಿ ತಂದಿದ್ದೆ. ಇಂಥಾ ಹುಳ ಹಿಡಿಯೋ ಮನಷ್ಯಾನ್ನ ಬಿಟ್ಟರ ಹೆಂಗ? ಇದರ ತತ್ತಿ, ಮರಿ, ಗೂಡು ಎಲ್ಲಾ ನೋಡಿ ಬರೀಬೇಕು. ಎಷ್ಟು ವರ್ಷ ಹಿಡದರೂ ಚಿಂತಿಲ್ಲ, ಇಲ್ಲೇ ಇರ್ರಿ."

ಅಂದವರೇ ಆ ಕಾಗದವನ್ನು ಹಿಂದುಮುಂದು ತಿರುವಿ, ಖಾಲಿ ಬದಿಯಲ್ಲಿ ಪತಂಗದ ಚಿತ್ರ ಬರೆಯಲು ಕೂತರು. ಮಸಿಯ ದೌತಿ ಹಿಡಿದು ನಿಂತವನು ಹೊಳಬಸಪ್ಪನೇ.