ಇಲ್ಲದ ಕಂಪ್ಯೂಟರಿಗೆ ನೀರುಗಂಟಿ

ನನ್ನ ಲ್ಯಾಪ್‌ಟಾಪಿನೊಳಗೆ ಕೆಟ್ಟಿದ್ದ ನೆಟ್‌ವರ್ಕನ್ನು ಸರಿಮಾಡಿದ್ದು ನನ್ನ ದೊಡ್ಡಪ್ಪ ಎಂದು ನಮ್ಮ ಬಂಧುಬಳಗವೆಲ್ಲ ನಂಬಿದೆ. ಈ ಹೇಳಿಕೆಯನ್ನು ನಾನು ವಿರೋಧಿಸುತ್ತೇನೆ.

ಮೊದಲನೆಯದಾಗಿ, ಒಬ್ಬರ ಸಾಕ್ಷಿ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಬಡವನಹಳ್ಳಿ ಸಂತೆಯಲ್ಲಿ ದೊಡ್ಡಮ್ಮ ಹೇಳುವ ಪ್ರಕಾರ, ದೊಡ್ಡಪ್ಪ ನೀರಿನ ಪೈಪಿಗೆ ಕಿವಿಯಿಡುವ ಹಾಗೆ ಲ್ಯಾಪ್‌ಟಾಪಿಗೂ ಕಿವಿಯಿಟ್ಟು, "ಇಲ್ಲೇ ಕಟ್ಕಂಡೈತೆ" ಎಂದು ಬೆರಳು ತೋರಿಸಿದರು. ಕೊರಟಗೆರೆಯ ಅತ್ತೆ ಹೇಳುವಾಗ ಕಿವಿಯ ಜಾಗಕ್ಕೆ ಪಾನಾ ಬರುತ್ತದೆ. ಪಾವಗಡದ ಬೀಗರ ಮನೆ ತಲುಪುವಷ್ಟರಲ್ಲಿ ಕಥೆಗೆ ತೆಲುಗೂ ಸೇರಿ, "ಒಕೇ ದೆಬ್ಬ ಅಂತೆ, ಒಂದೇ ಏಟಂತೆ" ಎಂದಾಗಿದೆ. ಇನ್ನೊಂದು ತಾಲ್ಲೂಕು ದಾಟಿದರೆ ಲ್ಯಾಪ್‌ಟಾಪನ್ನು ಕಂಡುಹಿಡಿದವರೂ ದೊಡ್ಡಪ್ಪನೇ ಆಗಿಬಿಡುತ್ತಾರೆ.

ನಡೆದದ್ದು ಇಷ್ಟು. ದೊಡ್ಡಪ್ಪ ಆ ಲ್ಯಾಪ್‌ಟಾಪನ್ನು ಮುಟ್ಟಲೇ ಇಲ್ಲ. ಮೂರು ದಿನ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿದರು. ಪ್ರಶ್ನೆ ಕೇಳುವುದೇ ರಿಪೇರಿ ಎನ್ನುವುದಾದರೆ ನಾನು ಹುಟ್ಟಿದಾಗಿನಿಂದ ಮೆಕ್ಯಾನಿಕ್ಕು. ಶಿರಾದ ಚರ್ಚಾಸ್ಪರ್ಧೆಯಲ್ಲಿ ಅದಕ್ಕೇ ನನಗೊಂದು ಕಪ್ಪು ಕೊಟ್ಟಿದ್ದಾರೆ. ಆ ಕಪ್ಪಿನಲ್ಲಿ ದೊಡ್ಡಮ್ಮ ಬಟ್ಟೆ ಕ್ಲಿಪ್ಪು ತುಂಬಿಟ್ಟಿದ್ದಾರೆ, ಆ ಮಾತು ಬೇರೆ.

ದೊಡ್ಡಪ್ಪ ನಮ್ಮೂರಿನ ನೀರುಗಂಟಿ. ಪಂಚಾಯ್ತಿ ಟ್ಯಾಂಕಿನಿಂದ ಯಾವ ಬೀದಿಗೆ ಯಾವಾಗ, ಎಷ್ಟು ಹೊತ್ತು ನೀರು ಬಿಡಬೇಕು ಎನ್ನುವುದು ಅವರ ಕೈಯಲ್ಲಿದೆ. ಅಂದರೆ ಊರಿನವರು ಎಷ್ಟು ಹೊತ್ತಿಗೆ ಏಳಬೇಕು, ಸ್ನಾನ ಮಾಡಬೇಕೋ ಮುಖ ತೊಳೆದು ಸುಮ್ಮನಾಗಬೇಕೋ ಎನ್ನುವುದೂ ಅವರದೇ ತೀರ್ಮಾನ. ವಾಲ್ವ್ ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೀಯನ್ನು ಭೀಮ ಗದೆ ಹೊತ್ತ ಹಾಗೆ ಹೆಗಲಿಗೇರಿಸಿಯೇ ಓಡಾಡುತ್ತಾರೆ. ಮದುವೆಗೆ ಹೋದರೂ ಅದು ಜೊತೆಗೇ ಬರುತ್ತದೆ. ಬಸ್ಸಿನಲ್ಲಿ ಅದಕ್ಕೊಂದು ಸೀಟು ಕೇಳುವುದೊಂದು ಬಾಕಿ.

ಯಾರಾದರೂ ದೂರು ತಂದರೆ ಅವರು ಕೇಳುವುದು ಒಂದೇ ಪ್ರಶ್ನೆ.

"ನೀರು ಬರ್ನಿಲ್ಲ ಕಣಣ್ಣ."

"ಎಲ್ಲಿಗಂಟ ಬಂತು?"

"ಬರ್ಲೇ ಇಲ್ಲ ಅಂತಿದೀನಿ, ಎಲ್ಲಿಗಂಟ ಅಂತೀಯಲ್ಲ?"

"ಟ್ಯಾಂಕಿನಾಗೆ ಐತೆ, ನಿಮ್ಮನೇಲಿಲ್ಲ. ಮಧ್ಯೆ ಎಲ್ಲೋ ನಿಂತೈತೆ. ಬಂತೋ ಇಲ್ವೋ ಅನ್ನೋದು ಒಂದು ಪ್ರಶ್ನೇನೇ ಅಲ್ಲ ಕಣಮ್ಮ. ಎಲ್ಲಿಗಂಟ ಬಂತು, ಅದು ಹೇಳು."

ಕೊರಟಗೆರೆಯಲ್ಲೊಂದು ಮದುವೆ. ಎರಡನೇ ಪಂಕ್ತಿಯ ಹೊತ್ತಿಗೆ ಕೈತೊಳೆಯುವ ನಲ್ಲಿಗಳೆಲ್ಲ ಒಣಗಿದವು. ಛತ್ರದವರು ಮೋಟರ್ ಸುಟ್ಟಿದೆ ಎಂದು ಕೈಚೆಲ್ಲಿದರು. ದೊಡ್ಡಪ್ಪ ಅರ್ಧ ಉಂಡ ಎಲೆ ಬಿಟ್ಟು, ಕೀ ಹೊತ್ತು ಮಹಡಿ ಹತ್ತಿದರು. ಸ್ವಲ್ಪ ಹೊತ್ತಿನಲ್ಲಿ ನಲ್ಲಿಗಳೆಲ್ಲ ಒಟ್ಟಿಗೇ ಉಗುಳಿದವು. ನೆನೆದ ಜುಬ್ಬದಲ್ಲಿ ಇಳಿದು ಬಂದವರಿಗೆ ಹೆಣ್ಣಿನ ತಂದೆ ಎರಡೂ ಕೈ ಮುಗಿದರು. ದೊಡ್ಡಪ್ಪ ಪಂಕ್ತಿಯತ್ತ ನೋಡುತ್ತ ಕೇಳಿದರು: "ಹೋಳಿಗೆ ಎಲ್ಲಿಗಂಟ ಬಂತು?"

ಇಂಥವರ ಮನೆಯಲ್ಲಿ ನಾನು ಎಂಜಿನಿಯರಿಂಗ್ ಓದಿದೆ. ಕೂಡುಕುಟುಂಬ, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ನನ್ನ ಕೊನೆಯ ವರ್ಷದ ಪ್ರಾಜೆಕ್ಟು ಹಳ್ಳಿಯ ಟ್ಯಾಂಕಿನ ವಾಲ್ವುಗಳನ್ನು ಮನುಷ್ಯರಿಲ್ಲದೆ, ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ ವ್ಯವಸ್ಥೆ. ಮನುಷ್ಯರಿಲ್ಲದೆ ಎಂದರೆ ಯಾರಿಲ್ಲದೆ ಎಂದು ನೀವು ಕೇಳಬಹುದು. ಕಾಲೇಜಿನ ನಮ್ಮ ಗೈಡ್ ಕೇಳಲಿಲ್ಲ. ನಾನೂ ವರದಿಯಲ್ಲಿ ಬರೆಯಲಿಲ್ಲ. ಬೀದಿ ಬೀದಿಯ ಸಮಯವನ್ನು ದೊಡ್ಡಪ್ಪನ ಬಾಯಿಂದಲೇ ಬರೆದುಕೊಳ್ಳುವಾಗ "ಕಾಲೇಜಿಗೆ ಬೇಕು" ಎಂದಷ್ಟೇ ಹೇಳಿದ್ದೆ. ಚರ್ಚಾಪಟುಗಳು ಇದನ್ನು ಸುಳ್ಳು ಎನ್ನುವುದಿಲ್ಲ. ವಾದಕ್ಕೆ ಬೇಕಾದಷ್ಟೇ ಹೇಳುವುದು ಎನ್ನುತ್ತಾರೆ. ಸೋಮವಾರ ಅದನ್ನು ನಡೆಸಿ ತೋರಿಸಬೇಕಿತ್ತು. ನಡೆಯದಿದ್ದರೆ ನನಗೊಂದು ವರ್ಷ ನಷ್ಟ. ನಡೆದರೆ ನಮ್ಮ ಪಂಚಾಯ್ತಿಯಲ್ಲೇ ಮೊದಲು ಹಾಕಿ ನೋಡುತ್ತೇವೆ ಎಂದು ಅಧ್ಯಕ್ಷರು ಒಪ್ಪಿಕೊಂಡಿದ್ದರು. ಆಗ ನಷ್ಟ ಇನ್ನೊಬ್ಬರದು.

ತೋರಿಸುವುದಕ್ಕೆ ನಿಜವಾದ ಟ್ಯಾಂಕನ್ನು ಕಾಲೇಜಿಗೆ ಹೊತ್ತೊಯ್ಯಲಾಗುತ್ತದೆಯೇ? ಅದಕ್ಕೇ ಲ್ಯಾಪ್‌ಟಾಪಿನೊಳಗೆ ಎರಡು ವರ್ಚುವಲ್ ಮಷೀನ್ ಕೂರಿಸಿದ್ದೆ. ಒಂದು ಪಂಚಾಯ್ತಿ ಕಚೇರಿಯ ಪಾತ್ರ ಮಾಡಿ "ತೆರೆ" ಎನ್ನಬೇಕು, ಇನ್ನೊಂದು ವಾಲ್ವಿನ ಪಾತ್ರ ಮಾಡಿ ತೆರೆಯಬೇಕು. ಶುಕ್ರವಾರ ನೋಡಿದರೆ ಎರಡಕ್ಕೂ ಮಾತೇ ಇಲ್ಲ! ವಿದ್ಯಾವಂತರು ಮಾಡುವುದನ್ನೇ ನಾನೂ ಮಾಡಿದೆ: ಮನೆಯ ವೈಫೈ ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ, ಕಂಡುಕೇಳರಿಯದವರ ಸಲಹೆಗಳನ್ನು ಓದಿದೆ, ಎರಡನೇ ಮಷೀನನ್ನು ನಾಲ್ಕು ಸಲ ಅಳಿಸಿ ಹೊಸದಾಗಿ ಕೂರಿಸಿದೆ. ಆಮೇಲೆ ತಲೆಮೇಲೆ ಕೈಹೊತ್ತು ಕೂತೆ.

"ಏನ್ ಲಾಯರಮ್ಮ, ಮಖ ಯಾಕೆ ಇಂಗೈತೆ?" ದೊಡ್ಡಪ್ಪ ಕೀಯನ್ನು ಗೋಡೆಗೆ ಒರಗಿಸಿ ಕೇಳಿದರು.

"ನೆಟ್‌ವರ್ಕ್ ಬರ್ತಿಲ್ಲ."

"ನನ್ ಫೋನಿಗೆ ಬತ್ತೈತಲ್ಲ."

"ಫೋನಿಗಲ್ಲ ದೊಡ್ಡಪ್ಪ. ಈ ಕಂಪ್ಯೂಟರೊಳಗೆ ಇನ್ನೆರಡು ಕಂಪ್ಯೂಟರ್ ಇವೆ. ನಿಜವಾಗಿ ಇರಲ್ಲ. ಇದ್ದಂಗೆ ನಡ್ಕೊಳ್ತವೆ."

ಅವರು ಬಗ್ಗಿ ಲ್ಯಾಪ್‌ಟಾಪಿನ ಹಿಂಬದಿಯನ್ನು ನೋಡಿ ಬಂದರು. "ಅಂದ್ರೆ, ಇಲ್ದೇ ಇರೋ ಕಂಪ್ಯೂಟ್ರಿಗೆ ಬರ್ದೇ ಇರೋ ನೆಟ್‌ವರ್ಕು. ಅದಕ್ಕೆ ನೀನು ಊಟ ಬುಟ್ಟು ಕುಂತಿದೀಯ."

ಯಾವ ಚರ್ಚಾಸ್ಪರ್ಧೆಯ ಫೈನಲ್ಲಿನಲ್ಲೂ ಎದುರಾಳಿಗಳು ನನ್ನನ್ನು ಇಷ್ಟು ಕಡಿಮೆ ಮಾತಿನಲ್ಲಿ ಮುಗಿಸಿಲ್ಲ.

"ಆಯ್ತು," ಎಂದು ಪಕ್ಕದಲ್ಲಿ ಕೂತರು. "ಎಲ್ಲಿಗಂಟ ಬಂತು?"

ಅದನ್ನು ನೋಡಬೇಕೆಂದೇ ನನಗೆ ಹೊಳೆದಿರಲಿಲ್ಲ. ಒಪ್ಪಿಕೊಳ್ಳುವ ಬದಲು, ಪಿಂಗ್ ಎಂದರೇನು ಎಂದು ಪಾಠ ಶುರುಮಾಡಿದೆ. "ಇಲ್ಲಿಂದ ಸಣ್ಣದೊಂದು ಸುದ್ದಿ ಕಳಿಸೋದು. ಆ ಕಡೆಯಿಂದ ಉತ್ತರ ಬಂದ್ರೆ ದಾರಿ ಸರಿಯಿದೆ ಅಂತ."

"ನಾನು ಪೈಪಿನ ಈ ತುದೀಲಿ ಕಲ್ಲಲ್ಲಿ ಕುಟ್ತೀನಿ, ನಿಮ್ ದೊಡ್ಡಮ್ಮ ಆ ತುದೀಲಿ ಕೇಳಿ ವಾಪಸ್ ಕುಟ್ತಾಳೆ. ಅದೇ ತಾನೇ?"

ಅದೇ. ಎಷ್ಟು ಅವಮಾನ ನೋಡಿ.

ಶನಿವಾರವೆಲ್ಲ ಕುಟ್ಟಿದೆವು. ಮೊದಲ ಮಷೀನಿನಿಂದ ವೈಫೈ ಪೆಟ್ಟಿಗೆಯವರೆಗೆ ಬಂತು, ಅಲ್ಲಿಂದ ಹೊರಕ್ಕೂ ಹೋಯಿತು. ಎರಡನೆಯದನ್ನು ತೆರೆದಾಗ ಅಲ್ಲಿಯೂ ಬಂತು, ಆದರೆ ಅಷ್ಟರಲ್ಲಿ ಮೊದಲನೆಯದರಲ್ಲಿ ನಿಂತಿತ್ತು. ನಾನು ಸಿಗ್ನಲ್ಲನ್ನು ಬೈದೆ. ದೊಡ್ಡಪ್ಪ ತಲೆಯಾಡಿಸಿದರು. "ಬರ್ದೇ ಇರೋದು ಒಂದ್ ಕಾಯ್ಲೆ, ಬಂದು ನಿಂತೋಗೋದು ಬೇರೆ ಕಾಯ್ಲೆ."

ಭಾನುವಾರ ಬೆಳಿಗ್ಗೆ ಬೀದಿಗಳಿಗೆ ನೀರು ಬಿಟ್ಟು ಬಂದವರೇ ಮತ್ತೆ ಕೂತರು. "ಇದ್ನ ಮುಚ್ಚು. ಈಗ ಅದು?" ಬಂತು. "ಅದ್ನ ಮುಚ್ಚು. ಇದು?" ಬಂತು. "ಈಗ ಎರಡೂ ತೆಗಿ." ಎರಡೂ ತಡವರಿಸಿದವು.

"ಲೇ, ಇದು ಪಾಲಾದ ಮನೆ ಕಣಮ್ಮ!"

ಬಾವಿ ಬೀದಿಯಲ್ಲಿ ಅಣ್ಣತಮ್ಮಂದಿರಿಬ್ಬರು ಪಾಲಾಗಿ ನಡುಮನೆಗೆ ಗೋಡೆ ಎತ್ತಿದ್ದಾರೆ. ಒಲೆ ಎರಡು, ಬಾಗಿಲು ಎರಡು. ಮನೆ ನಂಬರ್ ಮಾತ್ರ ಒಂದೇ ಉಳಿದಿದೆ. ಅಣ್ಣನಿಗೆ ಬಂದ ಕಾಗದ ತಮ್ಮನ ಕೈಗೆ, ತಮ್ಮನಿಗೆ ಬಂದದ್ದು ಅಣ್ಣನ ಕೈಗೆ. "ಒಬ್ಬ ಊರಿಗೋದ್ರೆ ಜಗಳ ಇಲ್ಲ. ಇಬ್ರೂ ಇದ್ದ ದಿನ ಯಾವ್ದೂ ಯಾರ್ಗೂ ಸೇರಲ್ಲ," ಎಂದರು ದೊಡ್ಡಪ್ಪ. "ಇವೆರಡು ಎಲ್ಲಿಂದ ಬಂದ್ವು?"

"ಒಂದನ್ನ ಮಾಡ್ದೆ. ಇನ್ನೊಂದನ್ನ ಅದರಿಂದಲೇ ನಕಲು..."

ಪ್ರತಿ ಮಷೀನಿನ ನೆಟ್‌ವರ್ಕಿಗೂ ಅದರದೇ ಒಂದು ನಂಬರ್ ಇರಬೇಕು. ನಕಲು ಮಾಡುವಾಗ, ಹಳೆಯ ನಂಬರನ್ನೇ ಉಳಿಸಲೇ ಎಂದು ಲ್ಯಾಪ್‌ಟಾಪ್ ಕೇಳಿತ್ತು. ಆತುರದಲ್ಲಿ ಹೌದು ಎಂದಿದ್ದೆ. ನಾಲ್ಕು ಸಲ ಅಳಿಸಿ ಕೂರಿಸಿದೆ ಎಂದೆನಲ್ಲ, ನಾಲ್ಕು ಸಲವೂ ಹೌದು ಎಂದಿದ್ದೆ. ವೈಫೈ ಪೆಟ್ಟಿಗೆ ಪಾಪ, ಎರಡನ್ನೂ ಒಂದೇ ಮನೆ ಎಂದುಕೊಂಡಿತ್ತು.

ನಂಬರ್ ಬದಲಾಯಿಸಿದೆ. ಎರಡೂ ಮಾತಾಡಿದವು. ಖುಷಿಯಲ್ಲಿ ನಾನು ಪ್ರಾಜೆಕ್ಟನ್ನೇ ಓಡಿಸಿಬಿಟ್ಟೆ. ಪರದೆಯ ಮೇಲೆ ಸಾಲಾಗಿ ಮೂಡಿತು: ಮೇಲಿನ ಬೀದಿ, ತೆರೆದಿದೆ. ಬಾವಿ ಬೀದಿ, ಮುಚ್ಚಿದೆ. ಕೆಳಗಿನ ಬೀದಿ, ಇಪ್ಪತ್ತು ನಿಮಿಷ.

ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದೆ. ದೊಡ್ಡಪ್ಪ ಆಗಲೇ ಕನ್ನಡಕ ಹಾಕಿಕೊಂಡಿದ್ದರು. ತಾವೇ ಬರೆಸಿದ ಬೀದಿಗಳನ್ನು, ತಮ್ಮದೇ ಹೊತ್ತುಗಳನ್ನು ಒಂದೊಂದಾಗಿ ಓದಿದರು.

"ಕೆಳಗಿನ ಬೀದೀಗೆ ಹತ್ತು ನಿಮಿಷ ಜಾಸ್ತಿ ಹಾಕು," ಎಂದರು.

"ಇಪ್ಪತ್ತು ಅಂತ ನೀನೇ ಬರೆಸಿದ್ದಲ್ಲ?"

"ಬರೆಸೋದು ಇಪ್ಪತ್ತೇಯ. ಕೊನೇ ಮನೆ ಟೈಲರಮ್ಮಂಗೆ ಒಂದ್ ಕಾಲು ಆಗಲ್ಲ. ಬಿಂದಿಗೆ ಒಂದೊಂದೇ ಒಳಕ್ಕಿಟ್ಟು ಬರ್ಬೇಕು. ನಾನಾದ್ರೆ ನೋಡ್ಕಂಡು ಮುಚ್ತೀನಿ. ಇದಕ್ಕೆ ಕಣ್ಣಿಲ್ವಲ್ಲ."

ಕೀ ಹೆಗಲಿಗೇರಿಸಿಕೊಂಡು ಹೊರಟರು.

ಸೋಮವಾರ ಎಲ್ಲವೂ ನಡೆಯಿತು. ಕೆಳಗಿನ ಬೀದಿಗೆ ಮೂವತ್ತು ನಿಮಿಷ ಯಾಕೆ ಎಂದು ಗೈಡ್ ಕೇಳಿದರು. ಮೊದಲ ಸಲ ನಾನು ವಾದಿಸದೆ "ಅಷ್ಟು ಬೇಕು ಸರ್" ಎಂದೆ. ಬರುವ ತಿಂಗಳು ವಾಲ್ವ್ ನಡೆಸುವ ಪೆಟ್ಟಿಗೆ ನಮ್ಮೂರ ಟ್ಯಾಂಕಿನ ಬುಡಕ್ಕೆ ಬರುತ್ತದೆ. ದೊಡ್ಡಪ್ಪ ಆ ಜಾಗದ ಕಳೆ ಕಿತ್ತು, ಗುಡಿಸಿ ಇಟ್ಟಿದ್ದಾರೆ. ಪ್ರಾಜೆಕ್ಟಿನ ಮಾತನ್ನು ಅವರು ಎತ್ತಿಲ್ಲ. ದೊಡ್ಡಮ್ಮ ಆ ಕಿವಿಯ ಕಥೆ ಹೇಳುವಾಗ ಮಾತ್ರ ಸುಮ್ಮನೆ ನಗುತ್ತಾರೆ. ನಾನೂ ಈಗ ತಿದ್ದಲು ಹೋಗುವುದಿಲ್ಲ.

ಅದು ನಿನ್ನ ಕೆಲಸಕ್ಕೇ ಕುತ್ತು ಅಂತ ಗೊತ್ತಿತ್ತಾ ಎಂದು ಕೇಳಿದರೆ ಅದೊಂದು ಪ್ರಶ್ನೆಯೇ ಅಲ್ಲ ಎನ್ನುತ್ತಾರೆ. ಆದ್ದರಿಂದ ಮೊನ್ನೆ, ಅವರು ಟ್ಯಾಂಕಿನ ಪೈಪಿಗೆ ಕಿವಿಯಿಟ್ಟು ಕೂತಿದ್ದಾಗ, ಅವರು ಕೇಳುವ ಹಾಗೆಯೇ ಕೇಳಿದೆ. ಕಿವಿಯನ್ನು ಅವರು ಪೈಪಿನಿಂದ ತೆಗೆಯಲಿಲ್ಲ.

"ದೊಡ್ಡಪ್ಪ, ಆ ಮೂರು ದಿನ ನನ್ನ ಪಕ್ಕದಲ್ಲಿ ಕೂತಿದ್ಯಲ್ಲ, ಅವತ್ತು ನಿನಗೆ ಎಲ್ಲಿಗಂಟ ಗೊತ್ತಿತ್ತು?"